ಸಣ್ಣ ದಾಖಲೆಗೆ ದೊಡ್ಡ ಬಾಡಿಗೆ

ಅರಕೇರಾದಿಂದ ದೇವದುರ್ಗಕ್ಕೆ ಹೊರಡುವ ಟಂಟಂ ಸೀಟು ತುಂಬುವ ತನಕ ಕದಲುವುದಿಲ್ಲ. ಮೊದಲು ಬಂದು ಕೂತವರು ಎಷ್ಟೇ ಅವಸರ ಮಾಡಿದರೂ ಚಾಲಕನದು ಒಂದೇ ಮಾತು: ‘ಇನ್ನಿಬ್ಬರು ಬರ್ಲಿ, ತಡೀರಿ.’ ಅವನ ಲೆಕ್ಕ ಸರಿಯಾಗಿಯೇ ಇದೆ. ಒಬ್ಬರನ್ನು ಒಯ್ದರೂ ಎಂಟು ಜನರನ್ನು ಒಯ್ದರೂ ಸುಡುವ ಡೀಸೆಲ್‌ನಲ್ಲಿ ಅಂಥ ವ್ಯತ್ಯಾಸವಿಲ್ಲ. ಹೋಗಿಬರುವ ಹೊತ್ತೂ ಅಷ್ಟೇ. ಖರ್ಚು ಇರುವುದು ಪ್ರಯಾಣಿಕರ ತೂಕದಲ್ಲಲ್ಲ, ಗಾಡಿ ಒಂದು ಸಲ ಹೊರಡುವುದರಲ್ಲಿ.

ಮೇನ್‌ಫ್ರೇಮ್ ಎಂಬ ದೊಡ್ಡ ಕಂಪ್ಯೂಟರುಗಳನ್ನು ಕಟ್ಟಿದವರಿಗೂ ಬಳಸಿದವರಿಗೂ ಎಪ್ಪತ್ತು ವರ್ಷಗಳ ಹಿಂದೆಯೇ ಇದೇ ಲೆಕ್ಕ ಎದುರಾಯಿತು. ಮಾಹಿತಿಯನ್ನು ಟೇಪಿಗೋ ಡಿಸ್ಕಿಗೋ ತೀರಾ ಸಣ್ಣ ತುಣುಕುಗಳಾಗಿ ಬರೆದರೆ, ತುಣುಕಿಗಿಂತ ಅದರ ಅಕ್ಕಪಕ್ಕದ ಖಾಲಿ ಜಾಗವೇ ಹೆಚ್ಚಾಗುತ್ತದೆ. ಆ ಪೀಳಿಗೆ ಬಹಳ ಪಾಡುಪಟ್ಟು ಕಲಿತ ಪಾಠ ಇದು. ಈಗ ಅದು ಮತ್ತೆ ಬೇಕಾಗಿದೆ. ಬೇಕಾಗಿರುವ ಜಾಗಗಳಲ್ಲಿ ದೇವದುರ್ಗದ ಹೋಬಳಿಯಾಗಿದ್ದು ಈಗ ಸ್ವಂತ ತಾಲ್ಲೂಕಾಗಿರುವ ಅರಕೇರಾವೂ ಒಂದು.

ರಾಜ್ಯದ ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಜಮೀನು ಕಾಗದಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಕೆಲಸ ದೊಡ್ಡದು, ಅಗತ್ಯವಾದದ್ದು. ರಾಯಚೂರು ಜಿಲ್ಲೆಗಂತೂ ಎರಡು ಪಾಲು ಅಗತ್ಯ. 1948ರವರೆಗೆ ನಿಜಾಮರ ಆಡಳಿತ, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರ್ಪಡೆ. ಒಂದೇ ಹೊಲದ ಚರಿತ್ರೆ ಉರ್ದು ಕಾಗದದಲ್ಲಿ ಸ್ವಲ್ಪ, ಕನ್ನಡ ಕಾಗದದಲ್ಲಿ ಸ್ವಲ್ಪ ಸಿಗುವ ಸೀಮೆ ಇದು. ಅಂಥ ಹಾಳೆಗಳು ಕಂಪ್ಯೂಟರಿನೊಳಗೆ ಹೋಗುವಾಗ ಬಿಡಿಬಿಡಿ ಫೈಲುಗಳಾಗಿ ಹೋಗಬಾರದು, ಕಟ್ಟುಗಳಾಗಿ ಹೋಗಬೇಕು ಎಂಬುದು ಈ ಬರಹದ ವಾದ. ವಾದಕ್ಕೆ ಆಧಾರ ಹಳೆಯ ಮೇನ್‌ಫ್ರೇಮಿನ ಟೇಪು, ಡಿಸ್ಕುಗಳಲ್ಲಿದೆ. ಮೊದಲು ಅದನ್ನೇ ನೋಡೋಣ.

1952ರಲ್ಲಿ ಐಬಿಎಂ ಕಂಪನಿ 726 ಎಂಬ ಟೇಪ್ ಯಂತ್ರ ಹೊರತಂದಿತು. ಅರ್ಧ ಇಂಚು ಅಗಲದ ಕಾಂತೀಯ ಪಟ್ಟಿ, ಸೆಕೆಂಡಿಗೆ 75 ಇಂಚು ಓಟ, ಒಂದು ಇಂಚಿನಲ್ಲಿ 100 ಅಕ್ಷರ. ಟೇಪು ಓಡುತ್ತಿರುವಾಗ ಮಾತ್ರ ಬರೆಯಲು, ಓದಲು ಸಾಧ್ಯ. ಆದರೆ ಕಂಪ್ಯೂಟರು ಒಂದು ದಾಖಲೆ ಓದಿ, ಲೆಕ್ಕ ಹಾಕಿ, ಮುಂದಿನದನ್ನು ಕೇಳುವ ತನಕ ಟೇಪು ಕಾಯಬೇಕು. ಓಡುವುದನ್ನು ನಿಲ್ಲಿಸಲು ಒಂದಿಷ್ಟು ದೂರ ಬೇಕು, ನಿಂತದ್ದು ಮತ್ತೆ ವೇಗಕ್ಕೆ ಬರಲು ಒಂದಿಷ್ಟು ದೂರ ಬೇಕು. ಅದಕ್ಕಾಗಿ ಎರಡು ಬರಹಗಳ ನಡುವೆ ಏನನ್ನೂ ಬರೆಯದ ತೆರಪು ಬಿಡುತ್ತಿದ್ದರು. ಆ ಕಾಲದ ಏಳು ಸಾಲಿನ ಟೇಪುಗಳಲ್ಲಿ ಈ ತೆರಪು ಮುಕ್ಕಾಲು ಇಂಚು.

ಒಂದು ತೆರಪಿನಿಂದ ಇನ್ನೊಂದು ತೆರಪಿನವರೆಗೆ ಬರೆದದ್ದಕ್ಕೆ ಬ್ಲಾಕ್ ಎಂದು ಹೆಸರು. ಬ್ಲಾಕಿನಲ್ಲಿ ಐದೇ ಅಕ್ಷರವಿದ್ದರೂ ಐದು ಸಾವಿರವಿದ್ದರೂ ತೆರಪು ಅಷ್ಟೇ.

ಆಗಿನ ಮಾಹಿತಿ ಬಹುಪಾಲು ರಂಧ್ರ ಕೊರೆದ ಕಾರ್ಡುಗಳಿಂದ ಬರುತ್ತಿತ್ತು. 1928ರಿಂದ ಬಳಕೆಗೆ ಬಂದ ಐಬಿಎಂ ಕಾರ್ಡಿನಲ್ಲಿ 80 ಕಾಲಂ, ಕಾರ್ಡೊಂದಕ್ಕೆ 80 ಅಕ್ಷರ. ಕಾರ್ಡು ಮರೆಯಾದ ಎಷ್ಟೋ ವರ್ಷಗಳ ಮೇಲೂ 80 ಎಂಬ ಅಳತೆ ಮೇನ್‌ಫ್ರೇಮಿನಿಂದ ಹೋಗಲಿಲ್ಲ. ಹಾಗಾಗಿ 80 ಬೈಟಿನ ದಾಖಲೆಯನ್ನೇ ಹಿಡಿದು ಲೆಕ್ಕ ಹಾಕಬಹುದು. 1960ರ ದಶಕದ ಒಂಬತ್ತು ಸಾಲಿನ ಟೇಪಿನಲ್ಲಿ ಇಂಚಿಗೆ 800 ಬೈಟ್, ತೆರಪು 0.6 ಇಂಚು. 80 ಬೈಟಿಗೆ ಬೇಕಾದದ್ದು 0.1 ಇಂಚು, ಅದರ ಬೆನ್ನಿಗೆ 0.6 ಇಂಚು ಖಾಲಿ. ಟೇಪಿನ ಏಳರಲ್ಲಿ ಒಂದು ಪಾಲಷ್ಟೇ ಬರಹ, ಅಂದರೆ ನೂರಕ್ಕೆ 14. ಮುಂದೆ ಇಂಚಿಗೆ 1600 ಬೈಟ್ ಹಿಡಿಯುವ ಟೇಪು ಬಂತು, ತೆರಪು ಅಷ್ಟೇ ಉಳಿಯಿತು. ಬರಹದ ಪಾಲು ನೂರಕ್ಕೆ 8ರ ಒಳಗಿಳಿಯಿತು. 1970ರ ದಶಕದ 6250 ಬೈಟಿನ ಟೇಪಿನಲ್ಲಿ ತೆರಪನ್ನು 0.3 ಇಂಚಿಗೆ ಇಳಿಸಿದರು. ಆದರೂ 80 ಬೈಟಿನ ದಾಖಲೆ 0.0128 ಇಂಚಿನಲ್ಲಿ ಮುಗಿಯುವುದರಿಂದ ಬರಹದ ಪಾಲು ಇನ್ನೂ ಕುಗ್ಗಿ ನೂರಕ್ಕೆ 4ಕ್ಕೆ ಬಂತು.

ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಯಂತ್ರ ಸುಧಾರಿಸಿದಷ್ಟೂ ಪೋಲು ಹೆಚ್ಚಾಗಿದೆ. ಹೊಸ ಯಂತ್ರ ತಂದರೆ ಹಳೆಯ ತೊಂದರೆ ತಾನೇ ಹೋಗುತ್ತದೆ ಎಂದು ನಂಬುವ ಕಚೇರಿಗಳು ಈ ಮೂರು ಅಂಕಿಗಳನ್ನು ಗೋಡೆಗೆ ಅಂಟಿಸಿಕೊಳ್ಳಬೇಕು: 14, 8, 4.

ಪರಿಹಾರ ಟಂಟಂ ಚಾಲಕನದೇ. ದಾಖಲೆಗಳನ್ನು ಒಂದೊಂದಾಗಿ ಕಳಿಸದೆ ನೂರು ಕೂಡಿದ ಮೇಲೆ ಒಂದೇ ಬ್ಲಾಕಾಗಿ ಬರೆಯುವುದು. ದೇವದುರ್ಗ ಸೀಮೆಯ ಒಂದು ಲಕ್ಷ ಹೊಲಗಳಿಗೆ ತಲಾ 80 ಬೈಟಿನ ಒಂದು ಸಾಲು ಎಂದು ಇಟ್ಟುಕೊಳ್ಳೋಣ. 1600 ಬೈಟಿನ ಟೇಪಿನಲ್ಲಿ ಒಂದೊಂದು ಸಾಲನ್ನೂ ಬಿಡಿಯಾಗಿ ಬರೆದರೆ 5,400 ಅಡಿಗಿಂತ ಹೆಚ್ಚು ಟೇಪು ಬೇಕು. 2,400 ಅಡಿಯ ರೀಲು ಎರಡು ತುಂಬಿ ಮೂರನೆಯದಕ್ಕೆ ಕೈಹಾಕಬೇಕು. ನೂರುನೂರು ಸಾಲು ಕೂಡಿಸಿ ಬರೆದರೆ 467 ಅಡಿ ಸಾಕು, ಒಂದೇ ರೀಲಿನ ಐದನೇ ಒಂದು ಭಾಗದೊಳಗೆ ಮುಗಿಯುತ್ತದೆ. ಸಾಲುಗಳು ಅವೇ, ಅಕ್ಷರಗಳೂ ಅವೇ.

ತೀರಾ ಸಣ್ಣ ಬ್ಲಾಕಿಗೆ ಇನ್ನೊಂದು ಗಂಡಾಂತರವೂ ಇತ್ತು. ಟೇಪಿನ ಮೇಲೆ ಧೂಳಿನ ಕಣವಿದ್ದರೆ, ಲೇಪ ಕಿತ್ತಿದ್ದರೆ, ಓದುವ ತಲೆಗೆ ಅದು ನಾಲ್ಕಾರು ಬೈಟಿನ ಬರಹದಂತೆ ಕಾಣಬಹುದು. ನಿಜವಾದ ಪುಟ್ಟ ಬ್ಲಾಕ್ ಯಾವುದು, ಕಸ ಯಾವುದು ಎಂದು ಯಂತ್ರ ಹೇಗೆ ತಿಳಿಯಬೇಕು? ಅದಕ್ಕೇ ಐಬಿಎಂ ಟೇಪಿನ ಬ್ಲಾಕಿಗೆ 18 ಬೈಟಿನ ಕನಿಷ್ಠ ಮಿತಿ ಇಟ್ಟಿತು. ಅದಕ್ಕಿಂತ ಚಿಕ್ಕದನ್ನು ಯಂತ್ರ ಗದ್ದಲವೆಂದು ಬಗೆದು ದಾಟಿಹೋಗುವ ಅಪಾಯವಿತ್ತು. ಒಬ್ಬ ಮನುಷ್ಯನ ಹೆಸರು 17 ಅಕ್ಷರದಲ್ಲಿ ಒಂಟಿಯಾಗಿ ನಿಂತಿದ್ದರೆ ಅದೂ ಧೂಳಿನ ಲೆಕ್ಕಕ್ಕೆ ಹೋಗಬಹುದಿತ್ತು.

ಡಿಸ್ಕಿನದು ಬೇರೆ ಕಥೆ ಎನಿಸಬಹುದು. ಅದು ಸದಾ ತಿರುಗುತ್ತಲೇ ಇರುತ್ತದೆ, ನಿಂತು ಹೊರಡುವ ಕಷ್ಟವಿಲ್ಲ. ಆದರೂ ತೆರಪು ತಪ್ಪಲಿಲ್ಲ. 1964ರ ಏಪ್ರಿಲ್‌ನಲ್ಲಿ ಪ್ರಕಟವಾದ ಐಬಿಎಂ ಸಿಸ್ಟಂ 360 ಜತೆಗೆ ಬಂದ ಪದ್ಧತಿಯಲ್ಲಿ ಡಿಸ್ಕಿನ ಪ್ರತಿ ದಾಖಲೆಗೂ ಮುಂದೊಂದು ಗುರುತಿನ ಭಾಗ: ಯಾವ ಸುತ್ತಿನ ಎಷ್ಟನೆಯ ದಾಖಲೆ, ಎಷ್ಟು ಉದ್ದ. ಬೇಕೆಂದರೆ ಹುಡುಕಲು ಒಂದು ಕೀಲಿಪದ. ಆಮೇಲೆ ಅಸಲು ಮಾಹಿತಿ. ಗುರುತನ್ನು ಓದಿ, ‘ಇದೇ ಬೇಕಾದದ್ದು’ ಎಂದು ನಿಯಂತ್ರಕ ತೀರ್ಮಾನಿಸುವಷ್ಟು ಹೊತ್ತು ಡಿಸ್ಕು ತಿರುಗುತ್ತಲೇ ಇರುತ್ತದಲ್ಲ, ಆ ಹೊತ್ತಿಗೆಂದು ಈ ಭಾಗಗಳ ನಡುವೆಯೂ ಖಾಲಿ ಜಾಗ. ಬರೆಯುವ ದಾಖಲೆ ಎಷ್ಟೇ ಚಿಕ್ಕದಾದರೂ ಈ ಸಾಮಾನೆಲ್ಲ ಅದರ ಜತೆಗೆ ಹೋಗಲೇಬೇಕು.

1989ರಲ್ಲಿ ಬಂದ 3390 ಎಂಬ ಡಿಸ್ಕನ್ನು ತೆಗೆದುಕೊಳ್ಳೋಣ. ಅದರ ಒಂದು ಸುತ್ತಿನಲ್ಲಿ, ಅಂದರೆ ಒಂದು ಟ್ರ್ಯಾಕಿನಲ್ಲಿ, ಒಂದೇ ದೊಡ್ಡ ಬ್ಲಾಕ್ ಬರೆದರೆ 56,664 ಬೈಟ್ ಹಿಡಿಯುತ್ತದೆ. ಅದೇ ಟ್ರ್ಯಾಕಿಗೆ 80 ಬೈಟಿನ ಬ್ಲಾಕುಗಳನ್ನು ಬಿಡಿಬಿಡಿಯಾಗಿ ಬರೆದರೆ ಹಿಡಿಯುವುದು 78 ಮಾತ್ರ: ಒಟ್ಟು 6,240 ಬೈಟ್, ನೂರಕ್ಕೆ 11. ಕಾರಣ, 80 ಬೈಟಿನ ಒಂದೊಂದು ಬ್ಲಾಕೂ ತನ್ನ ಗುರುತು, ತೆರಪುಗಳನ್ನು ಕೂಡಿಸಿಕೊಂಡು 748 ಬೈಟಿನ ಜಾಗ ನುಂಗುತ್ತದೆ. ಬ್ಲಾಕನ್ನು ಇನ್ನೂ ಕುಗ್ಗಿಸಿ ಒಂದೇ ಒಂದು ಬೈಟಿಗೆ ಇಳಿಸಿದರೆ? ಆಗಲೂ ಟ್ರ್ಯಾಕಿಗೆ ಹಿಡಿಯುವುದು 86. ಎಂಬತ್ತು ಪಟ್ಟು ಕಡಿಮೆ ಮಾಹಿತಿ ಬರೆದರೂ ಹೆಚ್ಚಿಗೆ ಸಿಕ್ಕ ಸ್ಥಳ ಎಂಟೇ ಎಂಟು ಬ್ಲಾಕಿನದು. ಅದರ ಬದಲು 349 ದಾಖಲೆಗಳನ್ನು ಕೂಡಿಸಿ 27,920 ಬೈಟಿನ ಬ್ಲಾಕ್ ಮಾಡಿ, ಅಂಥವೆರಡನ್ನು ಬರೆದರೆ ಅದೇ ಟ್ರ್ಯಾಕಿನಲ್ಲಿ 698 ದಾಖಲೆಗಳು. ಸುಮಾರು ಒಂಬತ್ತು ಪಟ್ಟು.

ಟೇಪಿನಲ್ಲಿ ಕಂಡದ್ದೇ ಇಲ್ಲಿಯೂ ನಡೆದಿದೆ. 1980ರ 3380 ಡಿಸ್ಕಿನ ಟ್ರ್ಯಾಕ್ ಚಿಕ್ಕದು, 47,476 ಬೈಟಿನದು. ಅದರಲ್ಲಿ 80 ಬೈಟಿನ ಬಿಡಿ ಬ್ಲಾಕುಗಳು 83 ಹಿಡಿಯುತ್ತಿದ್ದವು. ಒಂಬತ್ತು ವರ್ಷಗಳ ಮೇಲೆ, ನೂರಕ್ಕೆ 19ರಷ್ಟು ದೊಡ್ಡ ಟ್ರ್ಯಾಕಿನ ಹೊಸ ಡಿಸ್ಕು ಬಂದಾಗ ಹಿಡಿದದ್ದು 78. ಹೊಸದಕ್ಕೆ ಹಣ ಕೊಟ್ಟು, ಟ್ರ್ಯಾಕಿಗೆ ಐದು ದಾಖಲೆ ಕಳೆದುಕೊಂಡಂತಾಯಿತು.

ಒಂದು ವಿಶೇಷ ದಾಖಲೆಯ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಮೇನ್‌ಫ್ರೇಮ್ ಡಿಸ್ಕಿನಲ್ಲಿ ಫೈಲು ಇಲ್ಲಿಗೆ ಮುಗಿಯಿತು ಎಂದು ಹೇಳುವುದೂ ಒಂದು ದಾಖಲೆಯೇ, ಅದರ ಮಾಹಿತಿಯ ಉದ್ದ ಸೊನ್ನೆ. ಒಳಗೆ ಏನೂ ಇಲ್ಲ. ಆದರೂ ಅದಕ್ಕೆ ಗುರುತು ಬೇಕು, ತೆರಪು ಬೇಕು, ಟ್ರ್ಯಾಕಿನಲ್ಲಿ ಜಾಗ ಬೇಕು.

ರಾಯಚೂರಿನವರಿಗೆ ಇದನ್ನು ಅರ್ಥ ಮಾಡಿಸಲು ರೈಲು ಸಾಕು. 1871ರಲ್ಲಿ ಬೊಂಬಾಯಿ ಕಡೆಯ ಹಳಿಯೂ ಮದರಾಸು ಕಡೆಯ ಹಳಿಯೂ ಕೂಡಿದ ಊರು ಇದು. ರೈಲಿನ ಸಾಂಪ್ರದಾಯಿಕ ಸಿಗ್ನಲ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಹಾದಿಗೆ ‘ಬ್ಲಾಕ್ ಸೆಕ್ಷನ್’ ಎಂದೇ ಹೆಸರು; ಒಂದು ಹೊತ್ತಿಗೆ ಅದರೊಳಗೆ ಒಂದೇ ರೈಲು. ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೆ ಹತ್ತಾರು ವ್ಯಾಗನ್ ಕಲ್ಲಿದ್ದಲು ಹೊತ್ತ ರೇಕು ಹೋದರೂ ಆ ಹಾದಿ ಹಿಡಿದಂತೆ, ಖಾಲಿ ಎಂಜಿನ್ ಒಂದೇ ಹೋದರೂ ಹಿಡಿದಂತೆ. ಅದು ದಾಟುವ ತನಕ ಹಿಂದಿನ ಗಾಡಿ ಕಾಯಬೇಕು. 1,720 ಮೆಗಾವಾಟ್ ಸಾಮರ್ಥ್ಯದ ಆ ಕೇಂದ್ರಕ್ಕೆ ಕಲ್ಲಿದ್ದಲನ್ನು ಒಂದೊಂದೇ ವ್ಯಾಗನ್ನಿನಲ್ಲಿ ಕಳಿಸಿದ್ದರೆ ಹಳಿಯೇ ಸಾಲುತ್ತಿರಲಿಲ್ಲ.

ರೈಲ್ವೆ ಇಲಾಖೆಗೆ ಬ್ಲಾಕ್ ಎಂಬ ಮಾತು ಹಳಿಯದು, ಕಂಪ್ಯೂಟರಿನದು ಎಂಬ ಎರಡೂ ಅರ್ಥದಲ್ಲಿ ಗೊತ್ತಿತ್ತು. 1960ರ ದಶಕದಲ್ಲಿ ಅದು ತನ್ನ ವಲಯ ಕಚೇರಿಗಳಿಗೆ ಐಬಿಎಂ 1401 ಯಂತ್ರಗಳನ್ನು ತರಿಸಿ ಸಂಬಳದ ಪಟ್ಟಿ, ಸರಕಿನ ಲೆಕ್ಕಗಳನ್ನು ಅವುಗಳಿಗೆ ಒಪ್ಪಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಐಬಿಎಂ 360/44 ಬಂತು; ವಿದ್ಯಾರ್ಥಿಗಳು ಕಾರ್ಡಿನ ಕಟ್ಟು ಹಿಡಿದು ಸರದಿ ಕಾಯುತ್ತಿದ್ದ ಕಾಲ ಅದು. 1978ರಲ್ಲಿ ಐಬಿಎಂ ಭಾರತ ಬಿಟ್ಟು ಹೋದಾಗ ಅದರ ಯಂತ್ರಗಳನ್ನು ನೋಡಿಕೊಳ್ಳುವ ಹೊಣೆ ಸರ್ಕಾರಿ ಸಂಸ್ಥೆ ಸಿಎಂಸಿಯ ಹೆಗಲಿಗೆ ಬಿತ್ತು. ಬಿಡಿಭಾಗ ಸಿಗದ, ಹೊಸ ರೀಲಿಗೆ ವಿದೇಶಿ ವಿನಿಮಯ ಬೇಡಬೇಕಿದ್ದ ದಿನಗಳಲ್ಲಿ ಒಂದು ರೀಲಿನ ಬದಲು ಮೂರು ರೀಲು ಖರ್ಚು ಮಾಡುವುದು ಸಣ್ಣ ತಪ್ಪಾಗಿರಲಿಲ್ಲ. ಬ್ಲಾಕಿನ ಗಾತ್ರ ಲೆಕ್ಕ ಹಾಕುವುದು ಆಗಿನ ಪ್ರೋಗ್ರಾಮರ್‌ಗೆ ಅಡುಗೆಯವರಿಗೆ ಉಪ್ಪಿನ ಅಂದಾಜು ಇದ್ದಂತೆ.

ಜಾಗದ ಮಾತಾಯಿತು, ಹೊತ್ತಿನ ಮಾತು ಇನ್ನೂ ಕಠಿಣ. ಪ್ರತಿ ಬ್ಲಾಕನ್ನು ಓದಲು ಕಂಪ್ಯೂಟರಿನ ಚಾನೆಲ್‌ಗೆ ಒಂದೊಂದು ಆದೇಶ ಹೋಗಬೇಕು. ಮೇಲಿನ 698 ದಾಖಲೆಗಳಿಗೆ ಬಿಡಿಯಾಗಿದ್ದರೆ 698 ಆದೇಶ, ಕಟ್ಟಾಗಿದ್ದರೆ ಎರಡು. ರಾತ್ರಿ ಹತ್ತಕ್ಕೆ ಶುರುವಾದ ಲೆಕ್ಕ ಬೆಳಗಿನ ಕಚೇರಿ ಹೊತ್ತಿಗೆ ಮುಗಿಯುತ್ತದೋ ಇಲ್ಲವೋ ಎಂಬುದು ಇಂಥ ಕಡೆಯೇ ತೀರ್ಮಾನವಾಗುತ್ತಿತ್ತು. 1980ರ ದಶಕದ ಕೊನೆಗೆ ಐಬಿಎಂ ಆ ಲೆಕ್ಕವನ್ನು ಯಂತ್ರಕ್ಕೇ ವಹಿಸಿತು. ಪ್ರೋಗ್ರಾಮರ್ ಬ್ಲಾಕಿನ ಗಾತ್ರ ಸೊನ್ನೆ ಎಂದು ಬರೆದರೆ, ಡಿಸ್ಕು ಯಾವುದೆಂದು ನೋಡಿ ಸೂಕ್ತ ಗಾತ್ರವನ್ನು ವ್ಯವಸ್ಥೆಯೇ ಆರಿಸುತ್ತದೆ. ಬೆಂಗಳೂರಿನಲ್ಲಿ ಕೂತು ಅಮೆರಿಕದ ಬ್ಯಾಂಕುಗಳ ಕೋಬಾಲ್ ಪ್ರೋಗ್ರಾಮುಗಳನ್ನು ಸಲಹುವ ಕನ್ನಡದ ಹುಡುಗ ಹುಡುಗಿಯರು ಆ ಸೊನ್ನೆಯನ್ನು ಇಂದಿಗೂ ಬರೆಯುತ್ತಾರೆ. 3390 ಎಂಬ ತಿರುಗುವ ತಟ್ಟೆ ಈಗ ಕಾರ್ಖಾನೆಗಳಿಂದ ಬರುವುದಿಲ್ಲ. ಇಂದಿನ ಸಂಗ್ರಹ ಯಂತ್ರಗಳ ಒಳಗಿರುವುದು ಬೇರೆಯದೇ ವಸ್ತು. ಆದರೆ ಮೇನ್‌ಫ್ರೇಮಿನ ಎದುರು ಅವು 3390ರ ವೇಷದಲ್ಲೇ ನಿಲ್ಲುತ್ತವೆ. ಟ್ರ್ಯಾಕಿಗೆ 56,664 ಬೈಟ್, ಬಿಡಿಯಾದರೆ 78 ದಾಖಲೆ. ಆ ಲೆಕ್ಕ ಇನ್ನೂ ಜೀವಂತ.

ಟೇಪೂ ಸತ್ತಿಲ್ಲ. 1984ರಲ್ಲಿ ಐಬಿಎಂ 3480 ಬಂದಾಗ ದೊಡ್ಡ ರೀಲಿನ ಜಾಗದಲ್ಲಿ ಅಂಗೈಯಗಲದ ಕಾರ್ಟ್ರಿಜ್ ಬಂತು, 200 ಮೆಗಾಬೈಟ್ ಹಿಡಿಯುವಂಥದ್ದು. ಅದರ ಮುಂದಿನ ಪೀಳಿಗೆಯ ಯಂತ್ರಗಳು ಬರುವ ಸಣ್ಣ ಬ್ಲಾಕುಗಳನ್ನು ತಮ್ಮೊಳಗೇ ಕೂಡಿಸಿ, ಒತ್ತಿ, ದೊಡ್ಡ ಕಟ್ಟಾಗಿ ಟೇಪಿಗೆ ಬರೆಯುವುದನ್ನು ಕಲಿತವು. 2021ರಲ್ಲಿ ಬಂದ ಎಲ್‌ಟಿಒ-9 ಕಾರ್ಟ್ರಿಜ್ ಒಂದರಲ್ಲೇ 18 ಟೆರಾಬೈಟ್ ಹಿಡಿಯುತ್ತದೆ. ಹಾಗಾದರೆ ತೊಂದರೆ ಮುಗಿಯಿತೇ? ಇಲ್ಲ, ರೂಪ ಬದಲಿಸಿತು. ಈ ಟೇಪು ಒಂದೇ ಸಮನೆ ಓಡುವಾಗ ಮಾತ್ರ ಸುಖಿ. ಒಂದೊಂದು ಪುಟ್ಟ ಫೈಲು ಮುಗಿದಾಗಲೂ ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಬರೆಸಿ, ಟೇಪಿನ ಮೇಲೆ ಅದು ಮೂಡುವ ತನಕ ಕಾಯಿಸಿದರೆ ಓಟ ಕಡಿಯುತ್ತದೆ. ಟೇಪು ನಿಲ್ಲುತ್ತದೆ, ಹಿಂದಕ್ಕೆ ಸರಿಯುತ್ತದೆ, ಮತ್ತೆ ವೇಗ ಹಿಡಿದು ಬಿಟ್ಟಲ್ಲಿಂದ ಬರೆಯುತ್ತದೆ. ಬೂಟು ಒರೆಸುವ ಬಟ್ಟೆಯಂತೆ ಹಿಂದೆ ಮುಂದೆ ಓಡಾಡುವ ಇದನ್ನು ಇಂಜಿನಿಯರುಗಳು ‘ಷೂಶೈನಿಂಗ್’ ಎನ್ನುತ್ತಾರೆ. ಹೊತ್ತೂ ಹಾಳು, ಟೇಪೂ ಸವೆತ.

ಮೇನ್‌ಫ್ರೇಮ್ ಕಂಡಿರದ ಹೊಸ ಪೀಳಿಗೆಯೂ ಇದೇ ಗೋಡೆಗೆ ಹಣೆ ಚಚ್ಚಿಕೊಂಡಿತು. ಫೇಸ್‌ಬುಕ್ ಕಂಪನಿ ಫೋಟೊಗಳನ್ನು ಒಂದೊಂದು ಫೈಲಾಗಿ ಇಟ್ಟು ನೋಡಿತು. ಫೋಟೊ ಎಲ್ಲಿದೆ ಎಂದು ತಿಳಿಯಲಿಕ್ಕೇ ಡಿಸ್ಕಿನ ತಲೆ ಹಲವು ಸಲ ಅಲೆಯಬೇಕಾಗಿ ಬಂದಾಗ, ಅಸಂಖ್ಯ ಫೋಟೊಗಳನ್ನು ಒಂದೊಂದು ದೈತ್ಯ ಫೈಲಿನಲ್ಲಿ ಸಾಲಾಗಿ ತುಂಬಿ, ಯಾವುದು ಎಲ್ಲಿ ಶುರು ಎಂಬ ಪಟ್ಟಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ‘ಹೇಸ್ಟ್ಯಾಕ್’ ವ್ಯವಸ್ಥೆ ಕಟ್ಟಿ 2010ರಲ್ಲಿ ಅದರ ವಿವರ ಪ್ರಕಟಿಸಿತು. ಹಡೂಪ್ ಎಂಬ ಬೃಹತ್ ಸಂಗ್ರಹ ವ್ಯವಸ್ಥೆಯನ್ನು ಬಳಸುವವರ ನಡುವೆ ‘ಸಣ್ಣ ಫೈಲುಗಳ ಸಮಸ್ಯೆ’ ಎಂಬುದು ಒಂದು ಗಾದೆಯಷ್ಟೇ ಪರಿಚಿತ. ಸಾಮಾನ್ಯ ಕಂಪ್ಯೂಟರಿನಲ್ಲೂ ನೋಡಬಹುದು: ಸಾಧಾರಣವಾಗಿ ಫೈಲಿಗೆ ಜಾಗ ಸಿಗುವುದು 4,096 ಬೈಟಿನ ತುಂಡುಗಳಲ್ಲಿ. 200 ಬೈಟಿನ ಒಂದು ಚೀಟಿ ಫೈಲಾದರೆ ಅದಕ್ಕೂ ಅಷ್ಟೂ ಬಾಡಿಗೆ. ಅಂಥ ಒಂದು ಕೋಟಿ ಚೀಟಿಗಳ ಅಸಲು ಮಾಹಿತಿ 2 ಗಿಗಾಬೈಟ್. ಹಿಡಿಯುವ ಜಾಗ ಸುಮಾರು 41 ಗಿಗಾಬೈಟ್.

ಈಗ ದೇವದುರ್ಗದ ಕಡತಗಳಿಗೆ ಬರೋಣ.

ಕರ್ನಾಟಕಕ್ಕೆ ಈ ವಿಚಾರದಲ್ಲಿ ಒಂದು ಒಳ್ಳೆಯ ಹಳೆಯ ಅನುಭವ ಉಂಟು. ‘ಭೂಮಿ’ ಯೋಜನೆ 2000ದ ಹೊತ್ತಿಗೆ 67 ಲಕ್ಷ ರೈತರ ಸುಮಾರು 2 ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಆಗ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ಅಲ್ಲಿ ಸಾಲುಗಳು ಬಿಡಿ ಫೈಲುಗಳಾಗಿರಲಿಲ್ಲ, ಡೇಟಾಬೇಸಿನಲ್ಲಿದ್ದವು. ಡೇಟಾಬೇಸ್ ಎಂಬುದು ಸಣ್ಣ ಸಾಲುಗಳನ್ನು ಪುಟಪುಟವಾಗಿ ಕೂಡಿಸಿ ಇಡುವ ಯಂತ್ರವೇ. ಮೇನ್‌ಫ್ರೇಮಿನ ಬ್ಲಾಕಿನ ವಿದ್ಯೆ ಅದರೊಳಗೆ ಅಡಗಿದೆ. ಪಿಎಂ ಕಿಸಾನ್ ಕಂತಿನ 2,000 ರೂಪಾಯಿ ಕೋಟ್ಯಂತರ ಖಾತೆಗಳಿಗೆ ಹೋಗುವುದೂ ದೊಡ್ಡ ದೊಡ್ಡ ಪಟ್ಟಿಗಳಾಗಿಯೇ.

ಸ್ಕ್ಯಾನ್ ಆದ ಹಾಳೆಯದು ಬೇರೆ ಜಾಯಮಾನ. ಅದು ಸಾಲಲ್ಲ, ಚಿತ್ರ. ಒಂದು ಸರ್ವೆ ನಂಬರಿನ ಹಿಂದೆ ಹತ್ತಾರು ಹಾಳೆ ಇರಬಹುದು: ಹಳೆಯ ಪಹಣಿ, ಮ್ಯುಟೇಶನ್ ಪುಟ, ನಕಾಶೆ, ಮಂಜೂರಾತಿ ಆದೇಶ, ತಕರಾರು ಅರ್ಜಿ. ಒಂದೊಂದು ಹಾಳೆಯನ್ನೂ ಒಂದೊಂದು ಫೈಲಾಗಿ ಉಳಿಸುವುದು ಸ್ಕ್ಯಾನ್ ಮಾಡುವವರಿಗೆ ಸುಲಭ. ಕೂಲಿಯೂ ಹಾಳೆಯ ಲೆಕ್ಕದಲ್ಲಿದ್ದರೆ ಇನ್ನೂ ಸುಲಭ. ಇದರ ಭಾರ ತಿಳಿಯುವುದು ಆಮೇಲೆ: ಪ್ರತಿ ಹಾಳೆಗೂ ಒಂದು ಹೆಸರು, ಒಂದು ತೆರೆ, ಒಂದು ಮುಚ್ಚು, ನಕಲು ತೆಗೆಯುವಾಗ ಒಂದು ಪರೀಕ್ಷೆ. ಕೋಟಿ ಫೈಲುಗಳ ನಕಲು ತೆಗೆಯುವ ರಾತ್ರಿ ಗಂಟೆಗಳನ್ನು ತಿನ್ನುವುದು ಹಾಳೆಗಳ ಗಾತ್ರಕ್ಕಿಂತ ಹೆಚ್ಚಾಗಿ ಅವುಗಳ ಎಣಿಕೆ.

ಹಿಂದಿನ ಗುಮಾಸ್ತರು ಇದನ್ನು ಬೇರೆ ಕಾರಣಕ್ಕೆ ಸರಿಯಾಗಿ ಮಾಡಿಟ್ಟಿದ್ದರು. ಊರಿನ ಕಾಗದಗಳನ್ನು ಕೂಡಿಸಿ, ಬಟ್ಟೆಯಲ್ಲಿ ಸುತ್ತಿ, ದಾರ ಬಿಗಿದು, ಮೇಲೆ ಊರಿನ ಹೆಸರು ಬರೆದು ಇಡುವ ದಫ್ತರದ ಕಟ್ಟು ಮಾಹಿತಿಯ ಬ್ಲಾಕೇ ಹೌದು. ಹಾಳೆ ಬಿಡಿಯಾದರೆ ಕಳೆಯುತ್ತದೆ, ಹುಡುಕುವುದು ತಡವಾಗುತ್ತದೆ ಎಂಬುದನ್ನು ಅವರು ಕೈಯಾರೆ ಕಂಡಿದ್ದರು. ಸ್ಕ್ಯಾನರ್ ಮುಂದೆ ಆ ದಾರ ಬಿಚ್ಚುವಾಗ ಕಟ್ಟಿನ ಅರ್ಥವನ್ನೂ ಬಿಚ್ಚಿ ಚೆಲ್ಲಬಾರದು.

ಎದುರು ವಾದ ಇಲ್ಲದಿಲ್ಲ. ಡಿಸ್ಕು ಈಗ ಅಗ್ಗ, ಜಾಗಕ್ಕೆ ಯಾಕೆ ಇಷ್ಟು ಜಿಪುಣತನ ಎನ್ನುವವರಿದ್ದಾರೆ. ಅವರಿಗೆ ಉತ್ತರ ಮೇಲೆಯೇ ಇದೆ: ಜಾಗ ಅಗ್ಗವಾದಷ್ಟು ಬೇಗ ಹೊತ್ತು ಅಗ್ಗವಾಗಲಿಲ್ಲ. ಟೇಪಿನ 14 ಎಂಟಾಗಿ, ಎಂಟು ನಾಲ್ಕಾದದ್ದು ಅಗ್ಗವಾಗುತ್ತಾ ಹೋದ ಕಾಲದಲ್ಲೇ. ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಟ್ಟಿದ ಕಟ್ಟಿನಲ್ಲಿ ಒಂದು ಹಾಳೆ ತಿದ್ದಬೇಕೆಂದರೆ ಇಡೀ ಕಟ್ಟನ್ನು ಮತ್ತೆ ಬರೆಯಬೇಕು. ಕಟ್ಟೇ ಕೆಟ್ಟರೆ ಅದರೊಳಗಿನ ಎಲ್ಲವೂ ಹೋಗುತ್ತವೆ. ಟಂಟಂ ನಡುದಾರಿಯಲ್ಲಿ ಕೆಟ್ಟು ನಿಂತರೆ ಎಂಟೂ ಜನ ಬಿಸಿಲಿಗೆ ನಿಲ್ಲುತ್ತಾರಲ್ಲ, ಹಾಗೆ. ಸೀಟು ತುಂಬುವ ತನಕ ಮೊದಲು ಬಂದವರು ಕಾಯಬೇಕಾದ ಕಷ್ಟವೂ ನಿಜ. ಮೇನ್‌ಫ್ರೇಮಿನವರು ಇದನ್ನೂ ಅರಿತಿದ್ದರು. ಅದಕ್ಕೇ ದಿನವೂ ಬದಲಾಗುವ ಖಾತೆಗಳಿಗೆ ಚಿಕ್ಕ ಬ್ಲಾಕ್, ಒಮ್ಮೆ ಬರೆದು ಮುಂದೆ ಓದುವುದಷ್ಟೇ ಇರುವ ಫೈಲುಗಳಿಗೆ ದೊಡ್ಡ ಬ್ಲಾಕ್ ಎಂದು ವಿಂಗಡಿಸಿದರು. ಐವತ್ತು ವರ್ಷ ಹಳೆಯ ಮಂಜೂರಾತಿ ಆದೇಶ ನಾಳೆ ಬದಲಾಗುವುದಿಲ್ಲ. ಬದಲಾಗಲೂ ಬಾರದು. ಕಟ್ಟಿ ಇಡಲು ಅದಕ್ಕಿಂತ ತಕ್ಕ ಕಾಗದ ಇನ್ನೊಂದಿಲ್ಲ.

ಹಾಗಾಗಿ ಮಾಡಬೇಕಾದದ್ದು ಕಷ್ಟದ ಕೆಲಸವೇನಲ್ಲ. ಒಂದು ಊರಿನ ಒಂದು ಸರ್ವೆ ನಂಬರಿಗೆ ಸೇರಿದ ಹಾಳೆಗಳೆಲ್ಲ ಒಂದೇ ಫೈಲಾಗಲಿ, ಊರಿನ ಫೈಲುಗಳೆಲ್ಲ ಒಂದು ದೊಡ್ಡ ಕಟ್ಟಾಗಲಿ. ಕಟ್ಟಿನ ಮೊದಲಿಗೆ ಒಂದು ಸೂಚಿ ಇರಲಿ: ಯಾವ ಹಾಳೆ, ಯಾವ ವರ್ಷದ್ದು, ಉರ್ದುವೋ ಕನ್ನಡವೋ, ಎಷ್ಟನೆಯ ಬೈಟಿನಿಂದ ಶುರು. ಸೂಚಿಯಿಲ್ಲದ ಕಟ್ಟು ಹೆಸರು ಬರೆಯದ ದಫ್ತರದ ಹಾಗೆ, ಇದ್ದೂ ಇಲ್ಲದಂತೆ. ಪ್ರತಿ ಹಾಳೆಗೂ ಒಂದು ಪರೀಕ್ಷಾ ಸಂಖ್ಯೆ ಜತೆಗಿರಲಿ, ಯಾರಾದರೂ ತಿದ್ದಿದರೆ ಗೊತ್ತಾಗುವಂತೆ. ಒಂದು ನಕಲು ಆನ್‌ಲೈನ್ ಸೇವೆಗೆ. ಇನ್ನೊಂದು ನಕಲು ಟೇಪಿನ ಮೇಲೆ, ಜಾಲಕ್ಕೆ ಹೊಂದಿಸದೆ, ಬೇರೆ ಊರಿನ ಕಪಾಟಿನಲ್ಲಿ. ಜಾಲದಿಂದ ದೂರವಿರುವ ಟೇಪನ್ನು ಕಪಾಟಿನಿಂದ ತೆಗೆದು ಯಂತ್ರಕ್ಕೆ ಹಾಕುವ ತನಕ ಯಾವ ಸೈಬರ್ ಕಳ್ಳನೂ ಮುಟ್ಟಲಾರ. ದೊಡ್ಡ ಕಟ್ಟುಗಳಾಗಿ ಬರೆದರೆ ಅದು ನಿಲ್ಲದೆ ಓಡುತ್ತದೆ, ಬೇಗ ಮುಗಿಯುತ್ತದೆ.

ರಾಯಚೂರಿನ ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಿಗೂ ಒಂದು ಮಾತು. ಟೇಪು, ಟ್ರ್ಯಾಕು, ತೆರಪು ಎಂಬ ಪಾಠಗಳು ಹಳತಾದವೆಂದು ಬಿಟ್ಟುಬಿಡಬೇಡಿ. 80 ಬೈಟಿಗೆ 748 ಬೈಟಿನ ಬಾಡಿಗೆ ಏಕೆ ಎಂದು ಬೋರ್ಡಿನ ಮೇಲೆ ಒಮ್ಮೆ ಲೆಕ್ಕ ಬಿಡಿಸಿ ತೋರಿಸಿದರೆ ಸಾಕು, ಪಾಠ ಕೇಳಿದ ಹುಡುಗಿ ನಾಳೆ ಯಾವ ಇಲಾಖೆಯ ಸಾಫ್ಟ್‌ವೇರ್ ಬರೆದರೂ ಕೋಟಿ ಪುಟ್ಟ ಫೈಲುಗಳನ್ನು ಚೆಲ್ಲುವ ಮುನ್ನ ಒಂದು ಸಲ ಯೋಚಿಸುತ್ತಾಳೆ. ದೇವದುರ್ಗದ, ಮಾನ್ವಿಯ, ಸಿರವಾರದ ಮಕ್ಕಳೇ ಅಂಥ ಸಾಫ್ಟ್‌ವೇರ್ ಬರೆಯುವ ದಿನ ದೂರವಿಲ್ಲ.

ಜಿಲ್ಲಾಡಳಿತ ಇದನ್ನು ಅರಕೇರಾದಿಂದಲೇ ಆರಂಭಿಸಲಿ. ತಾಲ್ಲೂಕು ಹೊಸದು. ಅದರ ಹಳ್ಳಿಗಳ ಹಳೆಯ ಕಾಗದಗಳನ್ನು ದೇವದುರ್ಗದ ಕಡತಗಳಿಂದ ಹೇಗೂ ಗುರುತಿಸಿ ಬೇರ್ಪಡಿಸಬೇಕು, ಹೇಗೂ ಎಣಿಸಬೇಕು. ಆ ಹೊತ್ತಿಗೇ ಊರಿಗೊಂದು ಕಟ್ಟು, ಕಟ್ಟಿಗೊಂದು ಸೂಚಿ, ಬೇರೆ ಊರಿನಲ್ಲೊಂದು ಟೇಪು ಎಂಬ ಕ್ರಮವನ್ನು ಕಾಗದದ ಮೇಲೆ ಬರೆದು, ಸ್ಕ್ಯಾನ್ ಮಾಡುವವರ ಕರಾರಿನಲ್ಲೇ ಸೇರಿಸಲಿ.